ಒಂಬತ್ತನೆಯ ಅಧ್ಯಾಯದ ಷರಾ

ಶೈಲಶ್ರೀ ಪ್ರಶ್ನೆ ಬರೆದಿಟ್ಟು ಹನ್ನೊಂದು ದಿನವಾಗಿತ್ತು. ಸುದೀಪನಿಂದ ಉತ್ತರವಿಲ್ಲ. ಹನ್ನೊಂದು ದಿನ ಸುಮ್ಮನಿದ್ದವನಿಗೆ ತನ್ನ ಮೇಲೆ ಮನಸ್ಸಿಲ್ಲ ಎಂದೇ ಅವಳು ತೀರ್ಮಾನಿಸಿದಳು. ಆ ದುಃಖಕ್ಕೆ ಒಂದು ಹೊತ್ತು ಊಟ ಬಿಟ್ಟಳು. ಮರುಹೊತ್ತಿಗೆ ಹಸಿವು ತಾಳದೆ ಒಂದು ರೊಟ್ಟಿ ಹೆಚ್ಚಿಗೇ ತಿಂದಳು.

ಇಬ್ಬರ ಪರಿಚಯವಾದದ್ದು ಒಂದು ಪುಸ್ತಕದಿಂದ. ಶಲವಡಿಯ ಕುಬೇರಪ್ಪ ಮಾಸ್ತರರು ನಿವೃತ್ತರಾದ ಮೇಲೆ ಕರಿಮಣ್ಣಿನ ಬೆಳೆಗಳ ಬಗ್ಗೆ ದೊಡ್ಡದೊಂದು ಪುಸ್ತಕ ಬರೆದಿದ್ದರು. ಅಣ್ಣಿಗೇರಿಯ ಸಣ್ಣ ಕಚೇರಿಯೊಂದು ಅದನ್ನು ವೆಬ್‌ಸೈಟಿಗೆ ಏರಿಸುತ್ತಿತ್ತು. ಶೈಲಶ್ರೀ ಶಲವಡಿಯ ಮನೆಯಲ್ಲೇ ಕೂತು ಟೈಪ್ ಮಾಡಿ, ಇದು ಶೀರ್ಷಿಕೆ, ಇದು ಪ್ಯಾರಾ, ಇದು ಕೋಷ್ಟಕ ಎಂದು ಒಂದೊಂದಕ್ಕೂ ಟ್ಯಾಗ್ ಹಾಕುವಳು. ಅದೆಲ್ಲ ವೆಬ್ ಪುಟದಲ್ಲಿ ಹೇಗೆ ಕಾಣಬೇಕೆಂದು ಹೇಳುವ ಸ್ಟೈಲ್‌ಶೀಟ್ ಕಚೇರಿಯಲ್ಲಿರುವ ಸುದೀಪನ ಪಾಲಿನದು. ರೆಡಿಮೇಡ್ ಸ್ಟೈಲ್‌ಶೀಟ್ ಸಿಗುತ್ತದೆ. ಅದಕ್ಕೆ ಕೈಹಚ್ಚದೆ, ತಮಗೆ ಬೇಕಾದ ಬದಲಾವಣೆಗಳನ್ನು ತಮ್ಮದೇ ಬೇರೆ ಫೈಲಿನಲ್ಲಿ ಬರೆದು ಅದರ ಮೇಲೆ ಕೂಡಿಸುವುದು ಈ ಕೆಲಸದ ಪದ್ಧತಿ.

ಟ್ಯಾಗುಗಳಲ್ಲಿ ಷರಾ ಎಂಬುದೊಂದಿತ್ತು. ಕೆಲಸ ಮಾಡುವವರು ಒಬ್ಬರಿಗೊಬ್ಬರು ಸೂಚನೆ ಬರೆದುಕೊಳ್ಳಲು ಇರುವಂಥದ್ದು. ಅದರೊಳಗೆ ಬರೆದದ್ದು ಫೈಲಿನಲ್ಲಿ ಉಳಿದರೂ ಪುಟದಲ್ಲಿ ಕಾಣಬಾರದೆಂದು ಸುದೀಪ ಮೊದಲ ವಾರವೇ ನಿಯಮ ಬರೆದಿದ್ದ. ಮೊದಮೊದಲು ಅದರಲ್ಲಿ ಬರೀ ಕೋಷ್ಟಕದ ಅಗಲ, ಚಿತ್ರದ ಅಳತೆ. ಮೂರನೆಯ ಅಧ್ಯಾಯದಲ್ಲಿ ಅವನು, ನಿನ್ನೆ ಬಸ್ಸು ಸಿಕ್ಕಿತೇ ಎಂದು ಕೇಳಿದ. ಐದನೆಯದರಲ್ಲಿ, ‘ನಿಮ್ಮ ಹಸರ ದುಪಟ್ಟಾದ ಬಣ್ಣಾನ ಶೀರ್ಷಿಕೆಗೆ ಹಚ್ಚೇನ್ರಿ. ಬ್ಯಾಡಂದ್ರ ತಗೀತೇನಿ’ ಎಂದು ಬರೆದ. ಅವಳು ಬ್ಯಾಡ ಅನ್ನಲಿಲ್ಲ. ಅಂದಿನಿಂದ ಜೋಳ, ಕಡಲೆ, ಗೋಧಿ, ಎಲ್ಲ ಶೀರ್ಷಿಕೆಗಳೂ ಅವಳ ದುಪಟ್ಟಾದ ಬಣ್ಣದವು.

ಬರೆಯುವಾಗ ಇದ್ದ ಧೈರ್ಯ ಎದುರಿಗೆ ಬಂದಾಗ ಇಬ್ಬರಿಗೂ ಇರುತ್ತಿರಲಿಲ್ಲ. ಶನಿವಾರ ಅವಳು ಕಚೇರಿಗೆ ಬಂದರೆ, ಅವಳು ನೋಡಿದಾಗ ಅವನು ಕಂಪ್ಯೂಟರ್ ನೋಡುವನು. ಅವನು ನೋಡಿದಾಗ ಅವಳು ಚಹಾದ ಕಪ್ಪಿನ ತಳ ನೋಡುವಳು. ಒಮ್ಮೊಮ್ಮೆ ಲೆಕ್ಕ ತಪ್ಪಿ ಇಬ್ಬರೂ ಒಟ್ಟಿಗೇ ನೋಡಿಬಿಟ್ಟರೆ ಆ ದಿನದ ಕೆಲಸ ಅಲ್ಲಿಗೆ ಮುಗಿದಂತೆ.

ಹೀಗಿರುವಾಗ ಮನೆಯಲ್ಲಿ ಗದಗಿನ ಗಂಡಿನ ಮಾತು ಎದ್ದಿತು. ಶೈಲಶ್ರೀ ಕುಸುಬಿಯ ಬಗ್ಗೆ ಇರುವ ಒಂಬತ್ತನೆಯ ಅಧ್ಯಾಯವನ್ನು ತೆರೆದು, ಕಡೆಯ ಪ್ಯಾರಾದ ಕೆಳಗೆ ಷರಾ ಬರೆದಳು: ‘ಇಪ್ಪತ್ತನೇ ತಾರೀಖು ರವಿವಾರ ಗದಗಿನವರು ನನ್ನ ನೋಡಾಕ ಬರತಾರ. ಅವರಿಗೆ ಏನ್ ಹೇಳಲಿ, ನೀವ ಹೇಳ್ರಿ.’ ಅದು ಕೆಲಸವೆಲ್ಲ ಮುಗಿದು ಆಗಲೇ ಪಾಸಾಗಿದ್ದ ಅಧ್ಯಾಯ. ಮನಸ್ಸಿದ್ದವರು ಹಳೆಯದನ್ನೂ ತಿರುಗಿ ಓದುತ್ತಾರೆ ಎಂಬುದು ಅವಳ ತರ್ಕ. ಪ್ರೀತಿಸುವವರ ತರ್ಕಗಳೆಲ್ಲ ಇಂಥವೇ. ನಡುವಿನ ಶನಿವಾರ ಭೇಟಿಯಾದಾಗ ಅವನು ಹನ್ನೆರಡನೆಯ ಅಧ್ಯಾಯದ ಚಿತ್ರಗಳ ಬಗ್ಗೆ ಅರ್ಧ ಗಂಟೆ ಮಾತಾಡಿದ.

ಹತ್ತೊಂಬತ್ತನೇ ತಾರೀಖು, ಶನಿವಾರ, ಅವಳು ಅಣ್ಣಿಗೇರಿಯ ಬಸ್ಸಿನಲ್ಲಿ ಕೂತು ಮೊಬೈಲ್ ತೆರೆದಳು. ಗುರುವಾರವೇ ಸುದೀಪ ಇಡೀ ಪುಸ್ತಕದ ಲಿಂಕನ್ನು ಗ್ರೂಪಿಗೆ ಕಳಿಸಿದ್ದ. ಮುನಿಸಿನಿಂದ ಅವಳು ನೋಡಿರಲಿಲ್ಲ. ಈಗ ನೋಡಿದರೆ ಕುಸುಬಿಯ ಅಧ್ಯಾಯದ ಕೆಳಗೆ, ಓರೆ ಅಕ್ಷರಗಳಲ್ಲಿ, ಅವಳ ಪ್ರಶ್ನೆ ಇಡಿಯಾಗಿ ಎದ್ದು ಕಾಣುತ್ತಿತ್ತು. ಹಿಂದಿನ ಅಧ್ಯಾಯಗಳಲ್ಲಿ ಬಸ್ಸು, ದುಪಟ್ಟಾ, ಒಂದೂ ಬಿಟ್ಟಿರಲಿಲ್ಲ. ಗ್ರೂಪಿನಲ್ಲಿದ್ದವರು ಮೂವರೇ, ಅವಳು, ಸುದೀಪ ಮತ್ತು ಕುಬೇರಪ್ಪ ಮಾಸ್ತರರು. ಉತ್ತರ ಕೊಡದಿದ್ದರೆ ಹೋಗಲಿ, ಊರ ಮುಂದೆ ಹರವಬೇಕಿತ್ತೇ ಎಂದು ಅವಳಿಗೆ ಸಿಟ್ಟು ಬಂತು.

ಕಚೇರಿಯಲ್ಲಿ ಮಾಸ್ತರರು ಆಗಲೇ ಬಂದು ಕೂತಿದ್ದರು. ಪುಸ್ತಕವನ್ನೆಲ್ಲ ಪ್ರಿಂಟ್ ಹಾಕಿಸಿ, ಮೂವತ್ತೈದು ವರ್ಷದ ರೂಢಿಯಂತೆ ಕೆಂಪು ಪೆನ್ನಿನಲ್ಲಿ ತಿದ್ದಿ ತಂದಿದ್ದರು. ಷರಾಗಳನ್ನೂ ಬಿಟ್ಟಿರಲಿಲ್ಲ. ಬಸ್ಸಿನ ವಿಚಾರಕ್ಕೆ ಅಲ್ಪವಿರಾಮ ಹಾಕಿದ್ದರು. ದುಪಟ್ಟಾದ ಪಕ್ಕದಲ್ಲಿ ‘ಬೆಳೆಗೆ ಸಂಬಂಧವಿಲ್ಲ, ಆದರೂ ಇರಲಿ’ ಎಂದಿತ್ತು. ಸುದೀಪ ಹಾಳೆ ತಿರುವುತ್ತ ಕಿವಿ ಕೆಂಪಾಗಿಸಿಕೊಂಡು ಒಂಬತ್ತನೆಯ ಅಧ್ಯಾಯಕ್ಕೆ ಬಂದ. ಅಲ್ಲಿ ಅಂಚಿನಲ್ಲಿ ಹೀಗಿತ್ತು: ‘ಪ್ರಶ್ನೆ ಇದೆ. ಉತ್ತರ ಬಿಟ್ಟುಹೋಗಿದೆ. ಕೂಡಲೇ ಸೇರಿಸಿರಿ.’

ಅವನು ಪ್ರಶ್ನೆಯನ್ನು ಎರಡು ಸಲ ಓದಿದ. ಅವನ ಮುಖದ ಬಣ್ಣ ಹೋದದ್ದನ್ನು ಶೈಲಶ್ರೀ ಕಂಡಳು. ಮೊದಲ ಸಲ ಓದುವವನ ಮುಖ ಅದು.

ಚಹಾ ಹೇಳಿ ಬರುವೆನೆಂದು ಮಾಸ್ತರರು ಎದ್ದು ಹೊರಗೆ ಹೋದರು.

“ಹನ್ನೊಂದ ದಿನ ಆತ್ರಿ. ಓದಿರಲಿಲ್ಲೇನ್ರಿ?” ಎಂದಳು ಶೈಲಶ್ರೀ.

“ಪಾಸಾದ ಅಧ್ಯಾಯ ನಾ ಮತ್ತ ತೆರಿಯೂದಿಲ್ರಿ. ಕೈತಪ್ಪಿ ಏನರ ಕೆಡಿಸೀನಿ ಅಂತ ಅಂಜಿಕಿ.”

ಷರಾಗಳು ಹೊರಬಿದ್ದದ್ದು ಹೇಗೆಂದು ಅವನು ತಲೆತಗ್ಗಿಸಿಯೇ ಹೇಳಿದ. ಎಲ್ಲ ಬದಲಾವಣೆಗಳನ್ನೂ ತನ್ನ ಫೈಲಿನಲ್ಲಿ ಬರೆದವನು, ಷರಾ ಮುಚ್ಚುವ ಆ ಒಂದು ನಿಯಮವನ್ನು ಮೊದಲ ವಾರದ ಅವಸರದಲ್ಲಿ ರೆಡಿಮೇಡ್ ಸ್ಟೈಲ್‌ಶೀಟಿನೊಳಗೇ ಬರೆದುಬಿಟ್ಟಿದ್ದ. ಬುಧವಾರ ಅದರ ಹೊಸ ಆವೃತ್ತಿ ಹಾಕಿದ. ಹಳೆಯದರ ಜೊತೆ ನಿಯಮವೂ ಹೋಯಿತು. ತನ್ನ ಫೈಲಿನಲ್ಲಿದ್ದದ್ದು ಮಾತ್ರ ಉಳಿಯಿತು. ಅದಕ್ಕೇ ಶೀರ್ಷಿಕೆಗಳು ಇನ್ನೂ ಹಸಿರಾಗಿವೆ.

ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. “ಈಗ ಓದೀರಲ್ರಿ. ನಾಳೆನ ರವಿವಾರ” ಎಂದಳು.

ಸುದೀಪ ಈ ಸಲ ಕಂಪ್ಯೂಟರ್ ನೋಡಲಿಲ್ಲ. “ಗದಗಿನವರಿಗೆ ಬ್ಯಾಡ ಅಂತ ಹೇಳ್ರಿ” ಎಂದ. ಅದು ಸಾಲದೆನಿಸಿ, “ನನಗ ನೀವು ಬೇಕ್ರಿ. ನಾಲ್ಕನೇ ಅಧ್ಯಾಯದಿಂದ ಬೇಕಾಗೀರಿ” ಎಂದೂ ಸೇರಿಸಿದ.

ಬಸ್ಸಿನದು ಮೂರನೆಯದು, ದುಪಟ್ಟಾದ್ದು ಐದನೆಯದು. ನಡುವಿನದರಲ್ಲಿ ಏನಿತ್ತೆಂದು ಅವಳು ನೆನಪಿಸಿಕೊಂಡಳು. ಅದರಲ್ಲಿ ಅವನ ಷರಾ ಒಂದೂ ಇರಲಿಲ್ಲ. ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಿದ್ದ ಅಧ್ಯಾಯ ಅದು. ಅವಳಿಗೆ ನಗುವೂ ಅಳುವೂ ಕೂಡಿಯೇ ಬಂದವು. ಆಮೇಲೆ ಮನೆಗೆ ಫೋನ್ ಹಚ್ಚಿ, ಗದಗಿನವರಿಗೆ ಬರಬೇಡಿರೆಂದು ಇವತ್ತೇ ತಿಳಿಸಲು ಅವ್ವನಿಗೆ ಹೇಳಿದಳು. ಯಾಕೆಂದು ಅವ್ವ ಕೇಳಿದ್ದಕ್ಕೆ, ಸಂಜೆ ಕುಬೇರಪ್ಪ ಮಾಸ್ತರರು ಮನೆಗೆ ಬಂದು ಹೇಳುತ್ತಾರೆಂದಳು. ಮಾಸ್ತರರನ್ನು ಇನ್ನೂ ಕೇಳಿರಲಿಲ್ಲ.

ಸುದೀಪ ಷರಾದ ನಿಯಮವನ್ನು ಈ ಸಲ ತನ್ನ ಫೈಲಿನಲ್ಲೇ ಬರೆದ. ಪುಟಗಳಿಂದ ಓರೆ ಅಕ್ಷರಗಳೆಲ್ಲ ಮಾಯವಾದವು. ಆಮೇಲೆ ಒಂಬತ್ತನೆಯ ಅಧ್ಯಾಯದ ಫೈಲ್ ತೆರೆದು, ಅವಳ ಪ್ರಶ್ನೆಯ ಕೆಳಗೆ, ಅವಳು ನೋಡುತ್ತಿರುವಂತೆಯೇ, ಆಗ ಬಾಯಲ್ಲಿ ಹೇಳಿದ್ದನ್ನು ಅಕ್ಷರ ಬಿಡದೆ ಟೈಪ್ ಮಾಡಿದ.

ಮಾಸ್ತರರು ಚಹಾದೊಂದಿಗೆ ಬಂದರು. ತಮ್ಮನ್ನು ಕೇಳದೆಯೇ ತಮಗೆ ಸಂಜೆಯ ಕೆಲಸ ನಿಗದಿಯಾಗಿದೆಯೆಂದು ತಿಳಿದೂ ಬೇಸರಪಡಲಿಲ್ಲ.

“ನಿಮ್ಮಪ್ಪ ಸಂಗನಬಸವ ನನ್ನ ಕಡೇನ ಸಾಲಿ ಕಲತಾಂವ. ಅವಗ ತಿಳಿಸಿ ಹೇಳೂದು ನನಗ ಬಿಡ್ರಿ” ಎಂದು ಶೈಲಶ್ರೀಗೆ ಹೇಳಿದರು. ಆಮೇಲೆ ಹಾಳೆಯನ್ನು ಮುಂದೆಳೆದುಕೊಂಡು ಕೇಳಿದರು: “ಉತ್ತರ ಸೇರಿಸಿದ್ರ್ಯಾ?”

“ಸೇರಿಸೇವ್ರಿ ಸರ್” ಎಂದರು ಇಬ್ಬರೂ.

ಮಾಸ್ತರರು ಕೆಂಪು ಪೆನ್ನು ತೆಗೆದು, ಅಂಚಿನಲ್ಲಿ ತಾವು ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ಒಂದು ರೈಟ್ ಹಾಕಿದರು.