ಬಾಣವಿಲ್ಲದ ಕಲ್ಲುಗಳು

ಸೈಕಲ್ ಅಂಗಡಿಯ ಮುಂದೆ ಆಸೀಫ್ ಶೈಲಾಳ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದ. ಗದ್ದದ ಕೆಳಗೆ, ಬೆರಳು ತಾಗುವಷ್ಟು ಹತ್ತಿರ...

"ಭಾಳ ಬಿಗಿ ಆತೇನ್ರಿ, ಶೈಲಾ ಮೇಡಂ?"

"ಇಲ್ರಿ, ಬರೋಬ್ಬರಿ ಐತಿ."

ಎದುರು ಮನೆಯ ಪಡಸಾಲೆಯಲ್ಲಿ ಕೂತು ತೊಟ್ಟಿಲಿಗೆ ಬಣ್ಣ ಹಚ್ಚುತ್ತಿದ್ದ ತಹಸೀನಳ ಕುಂಚ ಜಾರಿತು. ಗಿಳಿಯ ಕೊಕ್ಕಿನ ಕೆಂಪು ಕುತ್ತಿಗೆಯವರೆಗೂ ಇಳಿಯಿತು.

ಕಲಘಟಗಿಯಲ್ಲಿ ತೊಟ್ಟಿಲು ಮಾಡುವ ಯಾಕೂಬಸಾಬರ ಮಗಳು ಅವಳು. ತೊಟ್ಟಿಲ ಮೇಲಿನ ಗಿಳಿಗೆ ಕಣ್ಣು ಬರೆಯುವುದು ಕೊನೆಯ ಕೆಲಸ, ಕೈ ನಡುಗಿದರೆ ಎಲ್ಲ ಹಾಳು. ಅದನ್ನು ಮಗಳಿಗೆ ಬಿಟ್ಟು ಯಾಕೂಬಸಾಬರು ಹೊಸ ಕೆಲಸಗಾರರ ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದರು. ಅಂಥ ಕೈ ಈ ಭಾನುವಾರ ಬೆಳಿಗ್ಗೆ ಮರ್ಯಾದೆ ಕಳೆಯಿತು.

"ಏನವಾ, ಗಿಳಿ ಎಲಿ ಅಡಿಕಿ ತಿಂದೈತೇನು?" ಅಂದರು ಯಾಕೂಬಸಾಬ.

ಅವಳು ಬಟ್ಟೆಯಿಂದ ಕುತ್ತಿಗೆ ಒರೆಸಿದಳು. ಗಿಳಿಯದು. ಹಿಸುಕಬೇಕು ಅನ್ನಿಸಿದ್ದು ಬೇರೆ ಯಾರದೋ.

"ಸಂಜಿಗೆ ಅಣ್ಣಿಗೇರಿಗೆ ಫೋನ್ ಮಾಡಬೇಕು. ಸಾಧಿಕ್ ಮನಿಯವರು ಕಾಯಾಕತ್ತಾರ. ಏನಂತ ಹೇಳಲಿ?"

ಅಣ್ಣಿಗೇರಿಯ ಕಡಲೆ ವ್ಯಾಪಾರಿಯ ಮಗ ಸಾಧಿಕ್ ಅವಳನ್ನು ನೋಡಿ ಹೋಗಿದ್ದ. ಒಳ್ಳೆಯ ಹುಡುಗ, ಅದೇ ತೊಂದರೆ. ಒಲ್ಲೆ ಅನ್ನಲು ಒಂದು ಕಾರಣ ಬೇಕಲ್ಲ? ಇದ್ದ ಒಂದೇ ಕಾರಣ ಎದುರಿನ ಸೈಕಲ್ ಅಂಗಡಿಯ ಮುಂದೆ ಬೇರೆಯವಳ ಪಟ್ಟಿ ಬಿಗಿಯುತ್ತ ನಿಂತಿತ್ತು.

"ಸಂಜಿಗೆ ಹೇಳ್ತೀನಿ, ಅಬ್ಬಾ," ಅಂದಳು. ಮನಸ್ಸಿನಲ್ಲಿ ಮಾತ್ರ ಆಗಲೇ ತೀರ್ಮಾನವಾಗಿತ್ತು. 'ಹೂಂ ಅಂದಬಿಡ್ತೀನಿ. ಆವಾಗ ಗೊತ್ತಾಗ್ತೈತಿ ಅವಗ.'

ಅಷ್ಟರಲ್ಲಿ ಅವನ ಕೂಗು ಬಂತು. "ತಹಸೀನ್, ಬಾ. ಹೊಸ ದಾರಿ ಇವತ್ತ ನೋಡೂಣು."

ಶೈಲಾಳಿಗೆ 'ರೀ'. ತನಗೆ 'ಬಾ'.

ಹೋಗಬಾರದಿತ್ತು. ಆದರೂ ದುಪಟ್ಟಾ ನಡುವಿಗೆ ಬಿಗಿದು ಹೊರಟಳು. ಹೊಟ್ಟೆ ಉರಿಯುವವರಿಗೆ ಮನೆಯಲ್ಲಿ ಕೂರಲು ಆಗುವುದಿಲ್ಲ, ಕಣ್ಣಾರೆ ನೋಡಿ ಇನ್ನಷ್ಟು ಉರಿಸಿಕೊಳ್ಳಬೇಕು.

ಆಸೀಫ್‌ಗೆ ಸೈಕಲ್ ಅಂಗಡಿ ಹೊಟ್ಟೆಪಾಡು, ಕಾಡಿನ ದಾರಿಗಳೇ ಜೀವ. ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆದು ದನದ ಹಾದಿಗಳನ್ನು ಒಂದಕ್ಕೊಂದು ಕೂಡಿಸಿದ್ದ. ಸಾಗವಾನಿ ಮರಗಳ ನಡುವೆ ನುಗ್ಗಿ, ಗುಡ್ಡ ಏರಿ ಇಳಿದು, ಭತ್ತದ ಗದ್ದೆಗಳ ಅಂಚಿನಲ್ಲಿ ಸಾಗುವ ಒಂದೇ ಗಾಲಿಯಗಲದ ದಾರಿಗಳು. ಗೇರ್ ಸೈಕಲ್ ಓಡಿಸಲು ಹುಬ್ಬಳ್ಳಿ, ಧಾರವಾಡದಿಂದ ಜನ ಬರುತ್ತಿದ್ದರು. ದಾರಿ ಕವಲೊಡೆಯುವಲ್ಲೆಲ್ಲ ಒಂದು ಹಳದಿ ಕಲ್ಲು, ಅದರ ಮೇಲೆ ಕೆಂಪು ಬಾಣ. ತೊಟ್ಟಿಲಿಗೆ ಹಚ್ಚಿ ಉಳಿದ ಬಣ್ಣದಿಂದ ಆ ಬಾಣ ಬರೆಯುತ್ತಿದ್ದವಳು ತಹಸೀನ್.

ಶೈಲಾ ಧಾರವಾಡದ ಬ್ಯಾಂಕಿನವಳು. ಈಚೆಗೆ ಪ್ರತಿ ಭಾನುವಾರ ಬರುತ್ತಿದ್ದಳು, ಪ್ರತಿ ಭಾನುವಾರ ಬೀಳುತ್ತಿದ್ದಳು. ಪ್ರತಿ ಭಾನುವಾರ ಆಸೀಫ್ ಅವಳ ಹಿಂದೆಯೇ ಸೈಕಲ್ ತುಳಿಯುತ್ತಿದ್ದ.

ಕಾಡಿನ ಅಂಚಿನಲ್ಲಿ ಅವನು ನಿಂತ. "ತಹಸೀನ್, ನೀ ಮುಂದ ಹೋಗು. ನಾ ಮೇಡಂ ಹಿಂದ ಬರ್ತೀನಿ."

'ನನ್ನ ಸಾಗಹಾಕಾಕ ಎಷ್ಟು ಅವಸರ...'

ಅವಳು ತಿರುಗಿಯೂ ನೋಡದೆ ಪೆಡಲ್ ತುಳಿದಳು. ಒಣ ಎಲೆಗಳು ಗಾಲಿಯ ಕೆಳಗೆ ಪುಡಿಯಾದವು. ಬಿದಿರು ಮೆಳೆ ದಾಟುವಾಗ ಹಿಂದಿನಿಂದ ಶೈಲಾಳ ನಗು ಕೇಳಿತು, ಆಮೇಲೆ ಆಸೀಫ್‌ನ ದನಿ. ಏನು ಮಾತೆಂದು ತಿಳಿಯಲಿಲ್ಲ. ತಿಳಿಯದೆ ಹೋದದ್ದೇ ಹೆಚ್ಚು ಸುಟ್ಟಿತು.

ಮೊದಲ ಕವಲು ಬಂತು. ಹೊಸದಾಗಿ ಹಳದಿ ಬಳಿದ ಕಲ್ಲು ಇತ್ತು, ಬಾಣ ಇರಲಿಲ್ಲ.

'ಬಾಣ ಬರಿಯಾಕ ಸೈತ ನನ್ನ ಕರೀಲಿಲ್ಲ. ಪುರುಸೊತ್ತು ಎಲ್ಲೈತಿ ಸಾಹೇಬರಿಗೆ?'

ಬಲಕ್ಕೆ ಸಲೀಸಾದ ಇಳಿಜಾರು. ಅವಳು ಎಡಕ್ಕೆ ಹೊರಳಿದಳು. ಮಳೆಗಾಲದಲ್ಲಿ ಬಲಗಡೆ ನೀರು ಹರಿಯುತ್ತದೆ, ನೀರು ಇಳಿಯುವ ಕಡೆ ಆಸೀಫ್ ದಾರಿ ಮಾಡುವುದಿಲ್ಲ. ಇದನ್ನೆಲ್ಲ ಅವಳು ಯೋಚಿಸಲೂ ಇಲ್ಲ. ಮುಂದಿನ ಕವಲಿನಲ್ಲೂ ಬರೀ ಕಲ್ಲು. ಮತ್ತೆ ಹಾಗೆಯೇ ಹೊರಳಿದಳು.

ಕಾಡು ಮುಗಿದು ಬಯಲು ತೆರೆಯಿತು. ಏರಿಳಿಯುವ ಹೊಲಗಳು, ಕೆಳಗೆ ಹಳ್ಳ. ಅವಳು ಸೈಕಲ್ ಹುಲ್ಲಿಗೆ ಒಗೆದು, ಕೂತು, ಸಿಟ್ಟು ತೀರುವವರೆಗೆ ಅತ್ತಳು.

ಶೈಲಾ ಬಂದಾಗ ಅವಳ ಮೊಣಕೈ ತರಚಿತ್ತು, ಮೈಯೆಲ್ಲ ಧೂಳು. ಹಿಂದೆ ಆಸೀಫ್ ಇದ್ದ.

ತಹಸೀನ್ ಕಣ್ಣೊರೆಸಿಕೊಂಡು ಎದ್ದಳು. "ಸಂಜಿಗೆ ಅಣ್ಣಿಗೇರಿಯವರಿಗೆ ಹೂಂ ಅಂತ ಹೇಳ್ತೀನಿ. ನಿಮ್ಮ ದಾರಿ ನಿಮಗಿರಲಿ."

ಅವನ ಮುಖ ಬಿಳಿಚಿತು. "ಯಾಕ?"

"ಯಾಕ ಅಂದ್ರ? ಪ್ರತಿ ಐತವಾರ ಇವರ ಹಿಂದ ನೀ. ಒಂದ ದಿನರ ನನ್ನ ಹಿಂದ ಬಂದೀಯೇನು?"

ಅವನು ಬಾಯಿ ತೆರೆಯುವ ಮೊದಲೇ ಮಾತಾಡಿದವಳು ಶೈಲಾ.

"ತಹಸೀನ್, ನಾ ಬೀಳ್ತೀನಂತ ಅವರು ನನ್ನ ಹಿಂದ ಇರ್ತಾರ. ಎಬ್ಬಿಸಿ ನಿಲ್ಲಿಸಿದ ಮ್ಯಾಲೆ ಬರೇ ನಿಂದ ಮಾತು. ತಹಸೀನ್ ಹಿಂಗ ಹೊಳ್ಳತಾಳ, ತಹಸೀನ್ ಬ್ರೇಕ್ ಹಿಂಗ ಹಿಡೀತಾಳ... ಕೇಳಿ ಕೇಳಿ ನನಗ ಹೊಟ್ಟಿಕಿಚ್ಚು ಬಂದೈತಿ."

ಅಷ್ಟು ಹೇಳಿ ಮೊಣಕೈ ತೊಳೆಯಲು ಹಳ್ಳದ ಕಡೆ ನಡೆದಳು.

ಇಬ್ಬರೇ ಉಳಿದರು.

"ಇವತ್ತರ ಆಕಿನ್ನ ಯಾಕ ಕರಕೊಂಡು ಬಂದಿ?"

"ಶೈಲಾ ಮೇಡಂ ಬದುಕಿ ಉಳಿದರ ಈ ದಾರ್‍ಯಾಗ ಎಲ್ಲಾರೂ ಉಳೀತಾರ."

ನಗು ಬಂತು, ಅವಳು ತುಟಿ ಕಚ್ಚಿ ತಡೆದಳು. "ಮತ್ತ ಕಲ್ಲಿನ ಮ್ಯಾಲೆ ಬಾಣ ಯಾಕಿಲ್ಲ?"

"ಮೊದಲ ಗಾಲಿ ನಿಂದ ಹೋಗಲಿ, ಆಮ್ಯಾಲೆ ನೀನ ಬರೀಬೇಕು ಅಂತ ಬಿಟ್ಟೀನಿ."

"ನಾ ದಾರಿ ತಪ್ಪಿದ್ದರ?"

"ತಪ್ಪಲಿಲ್ಲಲ್ಲ. ಯಾವ ಕಡೆ ಹೊಳ್ಳಿದಿ?"

"ನೀರು ಇಳಿಯೂ ಕಡೆ ಬಿಟ್ಟು."

"ಮತ್ತ ನಿನ್ನ ಹಿಂದ ನಾ ಯಾಕ ಬರಲಿ, ಹೇಳು?"

ತಹಸೀನಳಿಗೆ ಅಬ್ಬಾ ನೆನಪಾದರು. ಅವರು ನಿಲ್ಲುವುದು ಯಾವಾಗಲೂ ಹೊಸಬರ ಬೆನ್ನ ಹಿಂದೆ. ಗಿಳಿಯ ಕಣ್ಣು ಅವಳಿಗೆ ಬಿಟ್ಟ ದಿನದಿಂದ ಒಮ್ಮೆಯೂ ಅವಳ ಹಿಂದೆ ನಿಂತಿರಲಿಲ್ಲ. ಆ ದಿನ ಅವಳು ಎಷ್ಟು ಹಿಗ್ಗಿದ್ದಳು! ಇಲ್ಲಿ ಅದೇ ನಂಬಿಕೆ ಅರ್ಥವಾಗದೆ ಮುಖ ಊದಿಸಿಕೊಂಡು ತಿರುಗಿದ್ದಳು.

"ಅಣ್ಣಿಗೇರಿಯವರು ಬಂದು ಹೋದ ಮರುದಿನದಿಂದ ಈ ದಾರಿ ಕಡಿಯಾಕತ್ತೀನಿ," ಅಂದ ಆಸೀಫ್, ನೆಲ ನೋಡುತ್ತ. "ನೀ ಉತ್ತರ ಕೊಡೂದರೊಳಗ ಮುಗಿಸಬೇಕು ಅಂತ. ಇದನ್ನ ನೋಡಿದರ ನಿನಗ ತಿಳೀತೈತಿ ಅಂತ ಅನಕೊಂಡಿದ್ದೆ."

"ದಾರಿ ಕಡಿದರ ಯಾರಿಗೆ ತಿಳೀತೈತೋ ಮಾರಾಯಾ? ಬಾಯಿ ಬಿಟ್ಟು ಹೇಳು."

ಅವನು ತಲೆ ಎತ್ತಿದ. ಕಿವಿ ಕೆಂಪಾಗಿದ್ದವು.

"ನೀ ಅಂದ್ರ ನನಗ ಭಾಳ ಜೀವ, ತಹಸೀನ್. ಮೊದಲಿಂದನೂ. ನನ್ನ ಮದುವಿ ಆಗ್ತೀಯೇನು?"

ಇದನ್ನು ಕೇಳಲು ಅವಳು ಎಷ್ಟು ಕಾದಿದ್ದಳು... ಈಗ ಕೇಳಿದ ಮೇಲೆ ಮೊದಲು ನೆನಪಾದದ್ದು ಸಂಜೆಯ ಫೋನು.

"ನಿಮ್ಮ ಅಮ್ಮಿನ್ನ ಕರಕೊಂಡು ಸಂಜಿಕಿಂತ ಮೊದಲ ನಮ್ಮನಿಗೆ ಬಾ," ಅಂದಳು ಮೆಲ್ಲಗೆ. "ಅಬ್ಬಾ ಫೋನ್ ಮಾಡೂದರೊಳಗ."

ಅವನ ಮುಖ ಅರಳಿತು. ಅವಳ ಸೈಕಲ್ ಎತ್ತಿ ನಿಲ್ಲಿಸಿದ. "ಹೋಗೂಣು ನಡಿ. ನೀ ಮುಂದ."

"ಒಲ್ಲೆ. ಇವತ್ತ ಬಾಜೂಕ ಬಾ."

"ದಾರಿ ಒಂದ ಗಾಲಿ ಅಗಲ ಐತಿ, ಹುಚ್ಚಿ."

"ಹಂಗಾದ್ರ ಅಗಲ ಮಾಡು."

ಇಬ್ಬರೂ ಸೈಕಲ್ ತಳ್ಳಿಕೊಂಡು ಹೊರಟರು. ಅವಳು ದಾರಿಯ ಮೇಲೆ, ಅವನು ಪಕ್ಕದ ಮುಳ್ಳಿನ ಕಂಟಿಯಲ್ಲಿ. ಪ್ಯಾಂಟು ಎರಡು ಕಡೆ ಹರಿಯಿತು.

"ಮುಳ್ಳು ಚುಚ್ಚತಾವೇನು?"

"ಇಲ್ಲ ಬಿಡು."

ಹಳ್ಳದಿಂದ ಮೇಲೇರಿ ಬರುತ್ತಿದ್ದ ಶೈಲಾ ಹೆಲ್ಮೆಟ್ ಕೈಯಲ್ಲಿ ಹಿಡಿದಿದ್ದಳು. ತಹಸೀನ್ ಅದನ್ನು ನೋಡಿದಳು. ಆಸೀಫ್‌ನನ್ನೂ ನೋಡಿದಳು.

"ಇನ್ನ ಮ್ಯಾಲೆ ಆ ಪಟ್ಟಿ ನಾ ಬಿಗೀತೀನಿ. ತಿಳೀತೇನು?"

"ಆತ್ರಿ, ಮೇಡಂ," ಅಂದ ಆಸೀಫ್.