ಇಬ್ಬರು ಕೊಟ್ರೇಶರು

“ಐತಲ್ಲೋ ನಿನ್ನ ಹೆಸರು! ಕಣ್ಣು ಬಿಟ್ಟು ನೋಡು,” ಎಂದಳು ಸೈಮಾ.

ಕೊಟ್ರೇಶ ನೋಟಿಸ್ ಬೋರ್ಡನ್ನು ಮತ್ತೊಮ್ಮೆ ನೋಡಿದ. “ಅದು ಅವಂದು,” ಎಂದ ಮೆಲ್ಲಗೆ.

“ಯಾರ್ದು?”

“ದೊಡ್ಡ ಕೊಟ್ರೇಶಂದು. ಅವ ಆಗ್ಲೇ ನೋಡ್ಕೊಂಡು ಕುಣ್ಕೋತ ಹೋದ.”

ಊರ ದೇವರ ಹೆಸರಾದ್ದರಿಂದ ಕೊಟ್ಟೂರಿನಲ್ಲಿ ಕೊಟ್ರೇಶರಿಗೆ ಬರವಿಲ್ಲ. ಆರನೇ ಕ್ಲಾಸಿನಲ್ಲೇ ಇಬ್ಬರು. ಕಬಡ್ಡಿ ಆಡುವವನು ದೊಡ್ಡ ಕೊಟ್ರೇಶ. ಇವನು ಸಣ್ಣ ಕೊಟ್ರೇಶ, ಯಾರಾದರೂ ಕೇಳಿದರೆ ಮಾತ್ರ ಮಾತಾಡುವವನು.

ನಾಳೆ ಹೊಸಪೇಟೆಯ ಡ್ಯಾಮಿಗೆ ಟ್ರಿಪ್. ಲಿಸ್ಟಿನಲ್ಲಿ ಇದ್ದವರಿಗಷ್ಟೇ ಟೆಂಪೋದಲ್ಲಿ ಸೀಟು. ಆ ಲಿಸ್ಟ್ ಮಾಡಿದವಳು ಸೈಮಾ.

ಅವಳು ತಕ್ಷಣ ಕಂಪ್ಯೂಟರ್ ಲ್ಯಾಬಿಗೆ ಓಡಿದಳು. ಸಣ್ಣ ಕೊಟ್ರೇಶನೂ ಹಿಂದೆಯೇ ಬಂದ.

ಮಕ್ಕಳು ಚೀಟಿಯಲ್ಲಿ ಬರೆದುಕೊಟ್ಟ ಹೆಸರುಗಳನ್ನು ಅವಳೇ ಟೈಪ್ ಮಾಡಿದ್ದಳು, ಸಾಲಿಗೊಂದು. ಆಮೇಲೆ ಸಂಗೀತಾ ಮಿಸ್ ಕಲಿಸಿದ್ದ ಪುಟ್ಟ ಸ್ಕ್ರಿಪ್ಟ್ ಓಡಿಸಿದ್ದಳು. ಅದರಲ್ಲಿ ಇದ್ದದ್ದು ಒಂದೇ ಕಮಾಂಡು, ‘ಸಾರ್ಟ್’. ಅಡ್ಡಾದಿಡ್ಡಿ ಇದ್ದ ಹೆಸರುಗಳೆಲ್ಲ ಚಿಟಿಕೆ ಹೊಡೆಯುವುದರೊಳಗೆ ಅಕ್ಷರಮಾಲೆಯ ಪ್ರಕಾರ ಸಾಲಾಗಿ ನಿಂತಿದ್ದವು.

ಆದರೆ ಶಹಬಾಜ ಎರಡು ಸಲ ಬಂದಿದ್ದ. ಆಸೆಬುರುಕ, ಎರಡು ಚೀಟಿ ಹಾಕಿದ್ದ! ಸೈಮಾ ಕಮಾಂಡಿನ ಪಕ್ಕ ಒಂದು ಅಡ್ಡಗೆರೆ, ಒಂದು ‘ಯು’ ಸೇರಿಸಿದ್ದಳು. ಒಂದೇ ಥರದ ಸಾಲು ಎರಡಿದ್ದರೆ ಒಂದನ್ನು ಮಾತ್ರ ಉಳಿಸು ಎಂದು ಅದರ ಅರ್ಥ. ಶಹಬಾಜ ಒಬ್ಬನೇ ಉಳಿದಾಗ ಅವಳು ನಕ್ಕಿದ್ದಳು. ಲಿಸ್ಟಿನಿಂದ ಇನ್ಯಾರು ಅಳಿಸಿಹೋದರೆಂದು ನೋಡಿರಲಿಲ್ಲ.

ಈಗ ಆ ಅಡ್ಡಗೆರೆ, ‘ಯು’ ಎರಡನ್ನೂ ಅಳಿಸಿ ಮತ್ತೆ ಓಡಿಸಿದಳು.

ಕೊಟ್ರೇಶ
ಕೊಟ್ರೇಶ

“ಬಂದಿ ನೋಡು!” ಎಂದಳು. “ಆ ಎರಡನೇ ಶಹಬಾಜನ್ನ ಕೈಲೇ ಅಳಿಸಿದ್ರಾತು.”

ಸಣ್ಣ ಕೊಟ್ರೇಶ ಪರದೆಗೆ ಮುಖ ಹತ್ತಿರ ತಂದ. “ಇದ್ರಾಗ ನಾನು ಯಾವನು? ಮ್ಯಾಲಿನವನಾ, ಕೆಳಗಿನವನಾ?”

ಸೈಮಾ ಎರಡೂ ಸಾಲುಗಳ ಮೇಲೆ ಬೆರಳಾಡಿಸಿದಳು. ಎರಡೂ ಒಂದೇ ಥರ ಇದ್ದವು.

“ನಾಳೆ ಮಿಸ್ ಹೆಸರು ಕೂಗಿದ್ರ ಅವನೇ ಎರಡೂ ಸಲ ‘ಎಸ್ ಮಿಸ್’ ಅಂತಾನ,” ಎಂದ ಅವನು. “ಕ್ಲಾಸಿನಾಗೂ ಹಂಗ ಮಾಡ್ತಾನ.”

“ಆಗ ನೀನೇನ್ ಮಾಡ್ತಿ?”

“ಸುಮ್ನ ಇರ್ತೀನಿ.”

ಒಂದನೇ ಕ್ಲಾಸಿನಿಂದ ಅವಳೂ ಅವನೂ ಒಂದೇ ಕೋಣೆಯಲ್ಲಿ ಕೂತವರು. ಸೈಮಾ ಅವನನ್ನು ಏನನ್ನೂ ಕೇಳಿದ್ದೇ ಇಲ್ಲ.

“ನಿಮ್ಮಪ್ಪನ ಹೆಸರೇನು?”

“ಯರ್ರಿಸ್ವಾಮಿ.”

ಅವನ ಹೆಸರಿನ ಮುಂದೆ ಅದನ್ನು ಟೈಪ್ ಮಾಡಿದಳು. “ದೊಡ್ಡ ಕೊಟ್ರೇಶಂದು? ಹೋಗಿ ಕೇಳ್ಕೊಂಡು ಬರೂಣೇನು?”

“ಕೇಳೋದ್ಯಾಕ? ಪಂಚಾಕ್ಷರಪ್ಪ,” ಎಂದ ಅವನು ತಟ್ಟನೆ. “ವಾಣಿಶ್ರೀ ಅಪ್ಪ ಹನುಮಣ್ಣ. ನಿಮ್ಮಪ್ಪ ಹಸನ್ ಸಾಬ್ರು. ಎಲ್ಲಾರ್ದೂ ಗೊತ್ತೈತಿ.”

ಸೈಮಾ ಕೀಬೋರ್ಡಿನಿಂದ ಕೈ ತೆಗೆದು ಅವನತ್ತ ತಿರುಗಿದಳು. ಪಕ್ಕದ ಕುರ್ಚಿಯನ್ನು ಎಳೆದು ತನ್ನ ಹತ್ತಿರ ಹಾಕಿದಳು.

“ಕುಂದ್ರು,” ಎಂದಳು. “ಮ್ಯಾಲಿಂದ ಒಬ್ಬೊಬ್ಬರ್ದ ಹೇಳ್ಕೋತ ಹೋಗು.”