ಗುರು ಹಿಡಿಯದ ಕೈಗಳು

"ಮಧ್ಯಾಹ್ನದ ಸೀನ್ ಬದಲಾಗಿದೆ. ಗುರುವಂದನೆಯ ದೊಡ್ಡ ಕೃತಿನೇ ನುಡಿಸು," ಎಂದು ಹೇಳಿ ನಿರ್ದೇಶಕಿ ಹೊರಟುಹೋದಳು.

ವಿಪಾ ಕೈಯಲ್ಲಿದ್ದ ಕೋಲುಗಳನ್ನು ಕೆಳಗಿಟ್ಟಳು.

ಆಸ್ಥಾನದಲ್ಲಿದ್ದ ಹಳೆಯ ಸಂಗೀತಗಾರನೊಬ್ಬನ ಜೀವನದ ಸಿನಿಮಾ ಅದು. ನಾಯಕನಟನಿಗೆ ಕೋಲುಗಳಿಂದ ನುಡಿಸುವ ರನಾಟ್ ವಾದ್ಯ ಬಾರದು. ಪರದೆಯ ಮೇಲೆ ಮುಖ ಅವನದು, ಅದರ ಮರದ ಪಟ್ಟಿಗಳ ಮೇಲೆ ಓಡುವ ಕೈ ವಿಪಾಳದು. ಕೇಳಿ ಕೇಳಿ ಈ ಕೃತಿಯೂ ಅವಳಿಗೆ ಬಾಯಿಪಾಠವಾಗಿತ್ತು. ಆದರೆ ಇದನ್ನು ನುಡಿಸಬೇಕಾದರೆ ಮೊದಲು ಗುರು ಹಿಂದೆ ಕೂತು, ಕೈ ಹಿಡಿದು, ಮೂರು ಪೆಟ್ಟು ಹಾಕಿಸಬೇಕು. ಅವಳಿಗೆ ಯಾರೂ ಹಾಕಿಸಿರಲಿಲ್ಲ. ಹಾಕಿಸಿಕೊಳ್ಳದೆಯೇ ನುಡಿಸಿದ ಅವಳ ಚಿಕ್ಕಪ್ಪನ ಬಲಗೈ ಆರೇ ತಿಂಗಳಲ್ಲಿ ಸೆಟೆದುಕೊಂಡಿತ್ತು. ಡಾಕ್ಟರು ನರದ ತೊಂದರೆ ಅಂದರು. ಮನೆಯವರು ಅದನ್ನು ನಂಬಲಿಲ್ಲ.

ಅದೇ ಸಿನಿಮಾದ ಮೇಳದಲ್ಲಿ ಮದ್ದಳೆ ನುಡಿಸುವ ಥನವತ್ ತನ್ನ ವಾದ್ಯಕ್ಕೆ ಮಲ್ಲಿಗೆ ಹಾರ ಹಾಕುತ್ತಿದ್ದ. ಸಾಯುವ ಮುಂಚೆ ಅವನ ಗುರು, ಕೈ ಹಿಡಿದು ಕಲಿಸುವ ಅಧಿಕಾರವನ್ನು ಅವನಿಗೆ ಕೊಟ್ಟಿದ್ದರು.

"ನನ್ನ ಕೈ ಹಿಡಿದು ಮೂರು ಪೆಟ್ಟು ಹಾಕಿಸಿ. ಈಗಲೇ," ಎಂದಳು ವಿಪಾ.

"ಆಗಲ್ಲ."

"ಯಾಕೆ? ನನಗೆ ಅಷ್ಟು ಯೋಗ್ಯತೆ ಇಲ್ವಾ?"

"ಅದಲ್ಲ."

"ಮತ್ತೇನು? ನಾನು ಕೈ ಸೆಟೆದುಕೊಂಡು ಕೂತಿರೋದನ್ನ ನೋಡ್ಬೇಕಾ?"

ಅವನು ಹಾರದ ಗಂಟನ್ನು ಮತ್ತೆ ಬಿಚ್ಚಿದ. "ಹಾಕಿಸಿದರೆ ನಾನು ನಿನ್ನ ಗುರು ಆಗ್ತೀನಿ."

"ಆಗಿ! ದಿನಾ ಹೂವು ತಂದು ಕಾಲಿಗೆ ಬೀಳ್ತೀನಿ."

"ಅದೇ ಬೇಡ ನಂಗೆ. ಶಿಷ್ಯೆಯನ್ನ ಯಾರಾದ್ರೂ ಮದುವೆ ಆಗ್ತಾರಾ?"

ಅವಳು ಕೆಳಗೆ ಬಿದ್ದಿದ್ದ ಮಲ್ಲಿಗೆಯೊಂದನ್ನು ಎತ್ತಿಕೊಂಡಳು.

"ದಿನಾ ನನ್ನ ಪಾಲಿನ ಮಾವಿನಹಣ್ಣು ನಿನ್ನ ತಟ್ಟೆಗೆ ಯಾಕೆ ಹಾಕ್ತೀನಿ ಅಂದ್ಕೊಂಡಿದ್ದೆ?"

"ಸಿಹಿ ಸೇರಲ್ಲ ಅಂದಿದ್ರಲ್ಲ!"

"ಸಿಹಿ ಅಂದ್ರೆ ಪ್ರಾಣ ನಂಗೆ."

ಅವಳಿಗೆ ನಗು ಬಂತು. ಭಯ ಮಾತ್ರ ಹೋಗಲಿಲ್ಲ. ಹಾಗೇ ನಿರ್ದೇಶಕಿಯ ಮುಂದೆ ಹೋಗಿ ನಿಂತಳು.

"ಈ ಕೃತಿ ನನಗೆ ಗುರುವಿನ ಕೈಯಿಂದ ಇನ್ನೂ ಸಿಕ್ಕಿಲ್ಲ. ಥನವತ್‌ಗೆ ಸಿಕ್ಕಿದೆ, ಅವರೇ ನುಡಿಸಲಿ."

"ಕೈ ಬದಲಾದ್ರೆ ಹಿಂದಿನ ಶಾಟೆಲ್ಲ ಮತ್ತೆ ತೆಗೀಬೇಕು. ಸಿನಿಮಾದಲ್ಲಿ ನೀನೇ ಇರಲ್ಲ, ಗೊತ್ತಾ ಹುಡುಗಿ?"

"ಗೊತ್ತು," ಅಂದಳು. ಹೊರಗೆ ಕಾಲುವೆಯಲ್ಲಿ ದೋಣಿಯೊಂದು ಹೋಯಿತು. ಆಮೇಲೆ ನಿರ್ದೇಶಕಿ ಬೈದುಕೊಳ್ಳುತ್ತಲೇ ಥನವತ್‌ನನ್ನು ಕರೆದಳು.

ಅವನ ಬೆರಳ ಮೇಲೆ ಹಳೆಯ ಸುಟ್ಟ ಗಾಯವಿತ್ತು. ಮೇಕಪ್ ಹುಡುಗಿಯ ಕೈಯಿಂದ ಬ್ರಷ್ ಕಿತ್ತುಕೊಂಡು ವಿಪಾಳೇ ಅದಕ್ಕೆ ಬಣ್ಣ ಹಚ್ಚಿದಳು. ಅವನ ಕೈಯನ್ನು ಅವಳು ಮುಟ್ಟಿದ್ದು ಅದೇ ಮೊದಲು.

"ನಾಲ್ಕು ವರ್ಷದಿಂದ ರನಾಟ್ ಮುಟ್ಟಿಲ್ಲ," ಅವನು ಪಿಸುಗುಟ್ಟಿದ. "ಈ ಕೃತಿ ತಪ್ಪಿದ್ರೂ ಕೈ..."

"ಹೇಳ್ಬೇಡಿ. ಬಣ್ಣ ಒಣಗೋವರೆಗೆ ಬೆರಳು ಅಲ್ಲಾಡಿಸ್ಬೇಡಿ."

"ನಿನ್ನ ಬೆರಳಿಗೂ ಬಣ್ಣ ಆಗಿದೆ."

ಅವನು ವಾದ್ಯದ ಮುಂದೆ ಕೂತು ಕೈಮುಗಿದ. ವಿಪಾ ಶಿಷ್ಯರ ಪಾತ್ರದವರ ಸಾಲನ್ನು ದಾಟಿ, ಕ್ಯಾಮೆರಾದ ಪಕ್ಕ, ಅವನ ಎದುರಿಗೆ ಬಂದು ಕೂತಳು. ಮೊದಲ ಪೆಟ್ಟು ಬಿತ್ತು. ಎರಡನೆಯದು. ಮೂರನೆಯದಕ್ಕೆ ಮುಂಚೆ ಅವನು ಒಮ್ಮೆ ತಲೆಯೆತ್ತಿ ಅವಳನ್ನು ನೋಡಿದ.

ಮೂರನೆಯ ಪೆಟ್ಟೂ ತಪ್ಪದೆ ಬಿತ್ತು. ಅವಳು ಬಣ್ಣ ಮೆತ್ತಿದ ತನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿಕೊಂಡಳು. ಚಿಕ್ಕಪ್ಪನ ಬೆರಳುಗಳಂತಲ್ಲ, ಎಲ್ಲವೂ ಮಡಚಿಕೊಳ್ಳುತ್ತಿದ್ದವು.